ಹೇಳಿದವರು: ಸಾಗರದ ಅತ್ತಿಗೆ

ಬಳ್ಳಿಗಾವೆಯ ಕೋಡಿಮಠದಲ್ಲಿ 1162ರ ಹೊತ್ತಿಗೆ ಯಾರ್ಯಾರು ಊಟ ಮಾಡುತ್ತಿದ್ದರು ಎಂಬುದು ನಮಗೆ ಚೆನ್ನಾಗಿಯೇ ಗೊತ್ತು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕತೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ಕ್ಷಪಣಕರು, ಏಕದಂಡಿ ತ್ರಿದಂಡಿ ಸಂನ್ಯಾಸಿಗಳು, ಬೇರೆ ಬೇರೆ ಕಡೆಯಿಂದ ಬಂದ ಭಿಕ್ಷುಗಳು. ಕಳಚುರಿ ಬಿಜ್ಜಳನ ಕಾಲದ ಆ ಶಾಸನದ ಪಟ್ಟಿ ಓದುತ್ತಾ ಹೋದರೆ ಪಂಕ್ತಿಯ ಕೊನೆ ಕಾಣುವುದೇ ಇಲ್ಲ. ಮಠದ ಆಚಾರ್ಯರ ಹೆಸರು ಇದೆ, ಅವರ ಗುರುಪರಂಪರೆ ಇದೆ, ದಾನ ಕೊಟ್ಟವರ ಬಿರುದುಗಳಿವೆ. ಆದರೆ ಅಂದು ಎಲೆಗೆ ಏನು ಬಡಿಸಿದರು, ಅಷ್ಟು ಜನರಿಗೆ ಬೇಯಿಸಿದ ಕೈ ಯಾರದು ಎಂಬ ಎರಡು ಪ್ರಶ್ನೆಗಳಿಗೆ ಕಲ್ಲು ಬಾಯಿ ಬಿಡುವುದಿಲ್ಲ.

ನನ್ನ ಸಂಶೋಧನೆ ಶಿಕಾರಿಪುರ, ಸೊರಬ ತಾಲ್ಲೂಕುಗಳ ದಾನಶಾಸನಗಳ ಮೇಲೆ. ಬಿ.ಎಲ್. ರೈಸ್ 1902 ಮತ್ತು 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಏಳು ಮತ್ತು ಎಂಟನೆಯ ಸಂಪುಟಗಳು ನಾಲ್ಕು ವರ್ಷಗಳಿಂದ ನನ್ನ ಮೇಜಿನ ಮೇಲಿವೆ. ಕೊಳಗ, ಬಳ್ಳ, ಮಾನ, ಸೊಲ್ಲಗೆ ಎಂದು ಅಳತೆಗಳನ್ನು ಪಟ್ಟಿ ಮಾಡುತ್ತಾ ಕೂತವರಿಗೆ ಒಂದಲ್ಲ ಒಂದು ದಿನ ಅಕ್ಕಿ ಅಳೆದ ಮೇಲೆ ಅದು ಏನಾಯಿತು ಎಂಬ ಕುತೂಹಲ ಹುಟ್ಟಿಯೇ ಹುಟ್ಟುತ್ತದೆ. ಶಾಸನದ ಕಣ್ಣು ಕಣಜದವರೆಗೆ ಬರುತ್ತದೆ, ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ.

ಹಾಗೆಂದು ಕನ್ನಡ ನಾಡಿನಲ್ಲಿ ಅಡುಗೆಯ ಬಗ್ಗೆ ಬರೆದವರು ಇರಲಿಲ್ಲವೆಂದಲ್ಲ. ಇಷ್ಟು ಹಿಂದಿನಿಂದ, ಇಷ್ಟು ಒಲವಿನಿಂದ ಅಡುಗೆಯನ್ನು ಬರೆದಿಟ್ಟ ಭಾಷೆಗಳು ಹೆಚ್ಚಿಲ್ಲ. ಚಾಳುಕ್ಯ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯ 'ಲೋಕೋಪಕಾರ' ಬರೆದ. ಬಾವಿ ತೋಡಲು ನೀರಿನ ಸೆಲೆ ಹುಡುಕುವುದು, ಮನೆ ಕಟ್ಟುವುದು, ಗಿಡಕ್ಕೆ ಬಂದ ರೋಗ, ದನಕ್ಕೆ ಬಂದ ರೋಗ, ವಿಷಕ್ಕೆ ಮದ್ದು, ಸುಗಂಧದ್ರವ್ಯ, ಎಲ್ಲದರ ನಡುವೆ ಅಡುಗೆಗೂ ಅಲ್ಲಿ ಒಂದು ಅಧ್ಯಾಯವಿದೆ. ಇಡ್ಲಿಯ ಚರಿತ್ರೆ ಬರೆಯುವವರೆಲ್ಲ ಎತ್ತಿ ಹೇಳುವ ಮಾತು ಅಲ್ಲಿನದೇ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ನುಣ್ಣಗೆ ಅರೆದು, ಮೊಸರಿನ ತಿಳಿ ಬೆರೆಸಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಹಾಕುವುದು. ಅದರಲ್ಲಿ ಅಕ್ಕಿಯಿಲ್ಲ. ಅಕ್ಕಿಯ ಸೀಮೆಯಲ್ಲಿ ಹುಟ್ಟಿದ ನನಗೆ ಇದೊಂದು ಸಣ್ಣ ಆಘಾತ. ಇದಾಗಿ ನೂರು ವರ್ಷದ ಮೇಲೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆಸಿದನೋ ಬರೆದನೋ, ಅದರ ಅನ್ನಭೋಗ ಪ್ರಕರಣದಲ್ಲಿ ದೋಸೆ, ವಡೆ, ಪೂರಿಗಳ ಹಿಂದಿನ ರೂಪಗಳ ಜೊತೆಗೆ ಹಂದಿ, ಮೀನು, ಆಮೆ, ಕೊನೆಗೆ ಹೊಲದ ಇಲಿಯನ್ನು ಸುಡುವ ಕ್ರಮವೂ ಇದೆ. ಅರಸರ ಬಾಣಸಿನ ಮನೆ ನಾವು ಇಂದು ಊಹಿಸಿಕೊಳ್ಳುವಷ್ಟು ಮಡಿಯಾಗಿರಲಿಲ್ಲ.

ಮೂರನೆಯದು ಹದಿನಾರನೆಯ ಶತಮಾನದ ಆರಂಭದ್ದು, ಕಲ್ಲಹಳ್ಳಿಯ ಮೂರನೆಯ ಮಂಗರಸನ 'ಸೂಪಶಾಸ್ತ್ರ'. ಪೂರ್ತಿ ಅಡುಗೆಗೇ ಮೀಸಲಾದ ಕನ್ನಡ ಪುಸ್ತಕ, ಅದೂ ವಾರ್ಧಕ ಷಟ್ಪದಿಯಲ್ಲಿ. ಬದನೆಕಾಯಿ ಒಂದನ್ನೇ ಹಿಡಿದು ಮಂಗರಸ ಪದ್ಯದ ಮೇಲೆ ಪದ್ಯ ಬರೆಯುತ್ತಾನೆ. ಬಾಳೆಕಾಯಿ, ಹಲಸು, ಕಳಲೆಯನ್ನೂ ಬಿಡುವುದಿಲ್ಲ. ಇನ್ನೊಂದು ನಮ್ಮ ನೆರೆಯದ್ದೇ: ಹದಿನೆಂಟನೆಯ ಶತಮಾನದ ಮೊದಲ ದಶಕದಲ್ಲಿ ಕೆಳದಿಯ ಬಸವಪ್ಪ ನಾಯಕನ ಹೆಸರಿನಲ್ಲಿ ಸಿದ್ಧವಾದ 'ಶಿವತತ್ತ್ವ ರತ್ನಾಕರ'. ಆ ಸಂಸ್ಕೃತ ವಿಶ್ವಕೋಶದಲ್ಲಿ ಅಡುಗೆಮನೆ ಹೇಗಿರಬೇಕು, ಪಾತ್ರೆ ಯಾವ ಲೋಹದ್ದಾದರೆ ಏನು ಗುಣ ಎಂಬ ಚರ್ಚೆಯಿದೆ.

ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಓದಿದಾಗ ನನಗೆ ಕಂಡದ್ದು ಇಷ್ಟು. ಬರೆದವರೆಲ್ಲ ಗಂಡಸರು, ಅರಸರು ಅಥವಾ ಅರಸರ ಹತ್ತಿರದವರು. ಇಂಥ ಅಡುಗೆಯನ್ನು ಇಂಥವಳಿಂದ ಕೇಳಿ ತಿಳಿದೆ ಎಂಬ ಮಾತು ನಾನು ಓದಿದ ಮಟ್ಟಿಗೆ ಎಲ್ಲೂ ಸಿಕ್ಕಿಲ್ಲ. ಬದನೆಕಾಯಿಯ ಅಷ್ಟೊಂದು ಬಗೆಗಳನ್ನು ಮಂಗರಸ ಒಲೆಯ ಮುಂದೆ ಕೂತು ತಾನೇ ಕಂಡುಹಿಡಿದನೆಂದು ನಂಬುವುದು ಕಷ್ಟ. ಯಾರೋ ಹೇಳಿರಬೇಕು, ಯಾರೋ ಮಾಡಿ ಬಡಿಸಿರಬೇಕು. ಆ 'ಯಾರೋ' ಷಟ್ಪದಿಯ ಆರು ಸಾಲುಗಳೊಳಗೆ ಕರಗಿಹೋಗಿದ್ದಾರೆ, ಸಾರಿನಲ್ಲಿ ಉಪ್ಪು ಕರಗಿದ ಹಾಗೆ.

ಈ ಪ್ರಶ್ನೆಗೆ ಒಂದು ಉತ್ತರ, ಉತ್ತರವಲ್ಲದಿದ್ದರೂ ಒಂದು ದಾರಿ, ನನಗೆ ಸಿಕ್ಕಿದ್ದು ಉಳವಿಯಲ್ಲಿ. ಉಳವಿ ಎಂದ ಕೂಡಲೇ ಹೆಚ್ಚಿನವರ ಮನಸ್ಸು ಉತ್ತರ ಕನ್ನಡದ ಚೆನ್ನಬಸವಣ್ಣನ ಉಳವಿಗೆ ಓಡುತ್ತದೆ. ನಾನು ಹೇಳುತ್ತಿರುವುದು ಸೊರಬ ತಾಲ್ಲೂಕಿನ ಉಳವಿ, ಒಂದು ಹೋಬಳಿಯ ಊರು. ಅಲ್ಲಿ ನನ್ನ ಸೋದರತ್ತೆಯ ಮನೆಯಿದೆ. ಅತ್ತೆಯ ಹತ್ತಿರ ಒಂದು ಉದ್ದನೆಯ ಬೈಂಡ್ ಪುಸ್ತಕವಿದೆ. ಮೊದಲ ಇಪ್ಪತ್ತು ಪುಟ ಹಾಲಿನ ಲೆಕ್ಕ. ಅಲ್ಲಿಂದ ಮುಂದೆ, 1974ರಲ್ಲಿ ಮದುವೆಯಾಗಿ ಬಂದ ಮೇಲೆ ಅವರು ಬರೆದುಕೊಳ್ಳುತ್ತಾ ಬಂದ ಅಡುಗೆಗಳು, ಅರವತ್ತಕ್ಕೂ ಹೆಚ್ಚು. ನಡುನಡುವೆ 'ಸುಧಾ' ವಾರಪತ್ರಿಕೆಯಿಂದ ಕತ್ತರಿಸಿ ಅನ್ನದಗುಳಿನಿಂದ ಅಂಟಿಸಿದ ಚೂರುಗಳೂ ಇವೆ; ಅವುಗಳ ಅಂಚನ್ನು ಇರುವೆ ತಿಂದಿದೆ.

ಅತ್ತೆಯ ಪುಸ್ತಕದಲ್ಲಿ ಒಂದು ಪದ್ಧತಿಯಿದೆ. ಪ್ರತಿ ಅಡುಗೆಯ ಕೊನೆಗೂ 'ಹೇಳಿದವರು' ಎಂದು ಬರೆದು ಮುಂದೆ ಯಾರೆಂದು ಬರೆಯುವುದು. ಅಪ್ಪೆಹುಳಿ, ಹೇಳಿದವರು: ಸಾಗರದ ಅತ್ತಿಗೆ. ಎಣ್ಣೆಗಾಯಿ, ಹೇಳಿದವರು: ಆನವಟ್ಟಿ ದೊಡ್ಡಮ್ಮ. ಗುರೆಳ್ಳು ಚಟ್ನಿಪುಡಿ, ಹೇಳಿದವರು: ಅದೇ ದೊಡ್ಡಮ್ಮನ ಸೊಸೆ. ಒಂದೆಲಗದ ತಂಬುಳಿ, ಹೇಳಿದವರು: ಟೀಚರಮ್ಮ. ಮಿಡಿ ಉಪ್ಪಿನಕಾಯಿಗೆ ಕಹಿ ಬಾರದ ಹಾಗೆ ಸಾಸಿವೆ ಅರೆಯುವುದು, ಹೇಳಿದವರು: ಬಸ್ಸಿನಲ್ಲಿ ಸಿಕ್ಕವರು.

ನನಗೆ ಇದು ದಾನಶಾಸನದಷ್ಟೇ ಗಟ್ಟಿ ದಾಖಲೆಯಾಗಿ ಕಂಡಿತು. ಕಾರಣ ಇಲ್ಲದಿಲ್ಲ. ಸೊರಬ ತಾಲ್ಲೂಕು ಒಂದೇ ನೆಲವಲ್ಲ. ಸಾಗರದ ಕಡೆಗೆ ಹೋದಷ್ಟೂ ಅಡಿಕೆ ತೋಟ, ಮಳೆ, ಅಕ್ಕಿರೊಟ್ಟಿ, ಹುಳಿಗೆ ವಾಟೆ, ಮುರುಗಲು. ಆನವಟ್ಟಿ ದಾಟಿ ಹಾನಗಲ್ಲಿನ ಕಡೆಗೆ, ಶಿಕಾರಿಪುರದ ಕಡೆಗೆ ಹೋದಷ್ಟೂ ಬಯಲು ತೆರೆದುಕೊಳ್ಳುತ್ತದೆ, ಜೋಳದ ರೊಟ್ಟಿಯ ತಟ್ಟುವ ಸದ್ದು ಕೇಳುತ್ತದೆ, ಗುರೆಳ್ಳು, ಶೇಂಗಾ, ಕೆಂಪು ಖಾರ. ಅತ್ತೆಯ ಪುಸ್ತಕದಲ್ಲಿ ಈ ಎರಡು ಸೀಮೆಗಳೂ ಒಂದೇ ಹಾಳೆಯ ಎರಡು ಮಗ್ಗುಲಲ್ಲಿವೆ. ಅವನ್ನು ಜೋಡಿಸಿದ್ದು ರಸ್ತೆಯಲ್ಲ, ಸಂತೆಯೂ ಅಲ್ಲ, ಮದುವೆಗಳು. 'ಹೇಳಿದವರು' ಎಂಬ ಸಾಲುಗಳನ್ನಷ್ಟೇ ತೆಗೆದು ನಕ್ಷೆಯ ಮೇಲೆ ಗುರುತು ಹಾಕಿದೆ. ಎರಡು ತಲೆಮಾರುಗಳಲ್ಲಿ ಆ ಮನೆಗೆ ಹೆಣ್ಣು ಎಲ್ಲಿಂದ ಬಂತು, ಆ ಮನೆಯ ಹೆಣ್ಣು ಎಲ್ಲಿಗೆ ಹೋಯಿತು ಎಂಬುದೇ ಎದುರಿಗೆ ಬಂತು. ಮದುವೆಯಾಗಿ ಹೋದ ಹುಡುಗಿ ಒಂದು ಟ್ರಂಕಿನಲ್ಲಿ ಸೀರೆ ಒಯ್ಯುತ್ತಾಳೆ, ನಾಲಿಗೆಯಲ್ಲಿ ತವರಿನ ಸಾರು ಒಯ್ಯುತ್ತಾಳೆ. ಸೀರೆಯ ಲೆಕ್ಕ ಮದುವೆಯ ಪಟ್ಟಿಯಲ್ಲಿ ಸಿಗುತ್ತದೆ.

ಅಳತೆಯ ಮಾತಿಗೆ ಬಂದರೆ ಪುಸ್ತಕ ನಗು ತರಿಸುತ್ತದೆ. ತೂಕ ಮತ್ತು ಅಳತೆಗಳ ಕಾಯ್ದೆ ಬಂದದ್ದು 1956ರಲ್ಲಿ. ಅಂಗಡಿಗಳು ಕಿಲೋ, ಲೀಟರಿಗೆ ಹೊರಳಿ ಹತ್ತಾರು ವರ್ಷ ಕಳೆದ ಮೇಲೂ ಅತ್ತೆ ಪಾವು, ಸೇರು, ಹಿಡಿ, ಚಿಟಿಕೆ, ನಿಂಬೆಗಾತ್ರ, ಗೋಲಿಗಾತ್ರ ಎಂದೇ ಬರೆಯುತ್ತಾರೆ. ಒಂದು ಕಡೆ 'ನೀರು: ನಮ್ಮ ಕಂಚಿನ ಚೊಂಬಿನಲ್ಲಿ ಒಂದೂವರೆ' ಎಂದಿದೆ. ಆ ಚೊಂಬು ಈಗಿಲ್ಲ. ಹಾಗಾದರೆ ಇಂಥ ಪಾಕವಿಧಾನದಿಂದ ಏನು ಉಪಯೋಗ ಎಂದು ಕೇಳಬಹುದು. ನನಗನ್ನಿಸುವುದು ಬೇರೆ. ಅಲ್ಲಿ ಅಳತೆ ಇಲ್ಲದಿರುವುದು ಮರೆವಿನಿಂದಲ್ಲ. ಬರಹವನ್ನು ಓದುವವರು ಹೇಳಿದವರ ಒಲೆಯ ಮುಂದೆ ಒಮ್ಮೆಯಾದರೂ ಕೂತಿದ್ದಾರೆ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ. ತೊಡೆದೇವನ್ನೇ ನೋಡಿ. ಅಕ್ಕಿಹಿಟ್ಟಿಗೆ ಕಬ್ಬಿನಹಾಲು ಬೆರೆಸಿ, ಬೋರಲು ಹಾಕಿದ ಮಡಕೆಯ ಬೆನ್ನಿನ ಮೇಲೆ ಬಟ್ಟೆ ಸುತ್ತಿದ ಕೋಲಿನಿಂದ ಒಂದೇ ಎಳೆತಕ್ಕೆ ಬಳಿದು, ಕಾಗದಕ್ಕಿಂತ ತೆಳ್ಳಗೆ ಎಬ್ಬಿಸಬೇಕು. ಪುಸ್ತಕದಲ್ಲಿ ಅದಕ್ಕೆ ಎರಡೇ ಸಾಲು. ಕೊನೆಗೆ 'ಉಳಿದದ್ದು ಕೈ' ಎಂದಿದೆ. ಆ ಕೈಯನ್ನು ಯಾವ ಷಟ್ಪದಿಯೂ ಹಿಡಿಯಲಾರದು, ಯಾವ ವಿಡಿಯೊ ಕೂಡ ಪೂರ್ತಿ ಹಿಡಿಯಲಾರದು ಎಂದು ನನ್ನ ಗುಮಾನಿ.

ಇನ್ನು ಬೇರೆಯ ಮಾತು. ಅತ್ತೆಯ ಪುಸ್ತಕದ ಮಧ್ಯದಲ್ಲಿ ಕಳಲೆಯ ಪಲ್ಯ ಇದೆ. ಎಳೆ ಬಿದಿರನ್ನು ಹೇಗೆ ಹೆಚ್ಚಬೇಕು, ದಿನಕ್ಕೊಮ್ಮೆ ನೀರು ಬದಲಿಸುತ್ತಾ ಮೂರು ದಿನ ಏಕೆ ನೆನೆಸಿಡಬೇಕು (ಹಸಿ ಕಳಲೆಯಲ್ಲಿ ನಂಜಿದೆ), ಎಲ್ಲ ವಿವರವಾಗಿ. ಅದರ ಮುಂದಿನ ಪುಟದಲ್ಲಿ ಕಾಡುಕೆಸುವಿನ ಸೊಪ್ಪನ್ನು ಬಾಯಿ ತುರಿಸದ ಹಾಗೆ ವಾಟೆಹುಳಿ ಹಾಕಿ ಬೇಯಿಸುವುದು. ಈ ಎರಡು ಅಡುಗೆಗಳ ಕೊನೆಯಲ್ಲಿ ಮಾತ್ರ 'ಹೇಳಿದವರು' ಎಂದಿಲ್ಲ. 'ಹೇಳಿದ್ದು: ಗದ್ದೆ ಕೆಲಸಕ್ಕೆ ಬರುವವಳು' ಎಂದಿದೆ.

ಬಸ್ಸಿನಲ್ಲಿ ಸಿಕ್ಕಿದ ಅಪರಿಚಿತೆಗೆ ಸಿಕ್ಕಿದ ಬಹುವಚನ, ವರ್ಷಗಟ್ಟಲೆ ನಾಟಿ ಮಾಡಿ ಕಳೆ ಕಿತ್ತವಳಿಗೆ ಸಿಗಲಿಲ್ಲ. ಕನ್ನಡದ ಈ 'ವರು' ಮತ್ತು 'ವಳು'ಗಳ ನಡುವೆ ಇರುವ ಒಂದು ಅಕ್ಷರದ ಅಂತರದಲ್ಲಿ ಎಷ್ಟು ದೊಡ್ಡ ಸಮಾಜಶಾಸ್ತ್ರ ಕೂತಿದೆ!

ನಮ್ಮದು ಲಿಂಗಾಯತ ಮನೆ. ಅತ್ತೆ ಮದುವೆಯಾಗಿ ಬಂದ ಕಾಲದಲ್ಲಿ ನಮ್ಮ ಮನೆಯ ಅನ್ನವನ್ನು ಒಂದು ಕೇರಿಯವರು ಉಣ್ಣುತ್ತಿರಲಿಲ್ಲ. ಇನ್ನೊಂದು ಕೇರಿಯ ಅನ್ನವನ್ನು ನಮ್ಮವರು ಉಣ್ಣುತ್ತಿರಲಿಲ್ಲ. ಮೇಲಿನವರಿಗೆ ನಾವು ಕೆಳಗೆ, ಕೆಳಗಿನವರಿಗೆ ನಾವು ಮೇಲೆ. ಊಟದ ಎಲೆ ದಾಟಲಾಗದ ಆ ಗೆರೆಯನ್ನು ಅಡುಗೆಯ ಮಾತು ಮಾತ್ರ ಆರಾಮಾಗಿ ದಾಟಿದೆ ಎಂಬುದು ಪುಸ್ತಕ ತಿರುವಿದಂತೆಲ್ಲ ಕಾಣುತ್ತದೆ. ಅಪ್ಪೆಹುಳಿ ಹವ್ಯಕರ ಕಡೆಯದು. ಸಾಗರದ ಅತ್ತಿಗೆಗೆ ಅದನ್ನು ಹೇಳಿದವರು ಪಕ್ಕದ ತೋಟದ ಮನೆಯ ಅಮ್ಮ. ಬೇಲಿಯ ಆಚೆ ನಿಂತು ಹೇಳಿದ್ದು, ಒಳಗೆ ಕರೆದು ಬಡಿಸಿದ್ದಲ್ಲ. ಕಳಲೆ, ಕೆಸು, ಕಾಡಿನ ಸೊಪ್ಪುಗಳ ತಿಳಿವಳಿಕೆ ಕಾಡಿಗೂ ಗದ್ದೆಗೂ ಇಳಿಯುವವರದು. ಅದು ಗದ್ದೆಯ ಬದುವಿನ ಮೇಲೆ, ಸೊಂಟ ನೆಟ್ಟಗೆ ಮಾಡುವ ಹೊತ್ತಿನಲ್ಲಿ, ಮಾತಾಗಿ ನಮ್ಮ ಮನೆಗೆ ಬಂತು. ಅವರು ಬೇಯಿಸಿದ ಪಲ್ಯ ಬರಲಿಲ್ಲ, ಬೇಯಿಸುವ ಬಗೆ ಬಂತು. ಅಡುಗೆಯನ್ನು ಹಂಚಿಕೊಳ್ಳುವುದು ಪ್ರೀತಿಯ ಗುರುತು ಎಂದು ಬರೆಯುವವರು ಬಹಳ. ಹೌದು, ಅದು ಪ್ರೀತಿಯೇ. ಆದರೆ ನಮ್ಮ ಕಡೆ ಅದು ಒಟ್ಟಿಗೆ ಕೂತು ಉಣ್ಣದೇ ಇರಲು ಸಿಕ್ಕ ಒಂದು ಅನುಕೂಲವೂ ಆಗಿತ್ತು.

ಆ ಬದುವಿನ ಆಚೆಯ ಮನೆಗಳಲ್ಲಿ ಪುಸ್ತಕವಿರಲಿಲ್ಲ. ಹಾಗೆಂದು ದಾಖಲೆ ಇರಲಿಲ್ಲವೇ? ಸೊರಬ, ಸಾಗರದ ದೀವರು ಆಶ್ವೀಜದ ಭೂಮಿ ಹುಣ್ಣಿಮೆಯನ್ನು ಆಚರಿಸುವುದನ್ನು ಕಂಡವರಿಗೆ ಈ ಪ್ರಶ್ನೆಯ ಅರ್ಥ ತಿಳಿಯುತ್ತದೆ. ತೆನೆ ಹೊಡೆಗೆ ಬಂದ ಗದ್ದೆ ಬಸುರಿ ಎಂಬ ಭಾವನೆ. ಬಸುರಿಗೆ ಬಯಕೆ ತೀರಿಸಬೇಕು. ಅದಕ್ಕೆ ಮನೆಯ ಹೆಂಗಸರು ಮೊದಲೇ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಭೂಮಣ್ಣಿ ಬುಟ್ಟಿ ಎಂದರೆ ಅದು. ಹುಣ್ಣಿಮೆಯ ಹಿಂದಿನ ರಾತ್ರಿ ಇಡೀ ಒಲೆ ಆರುವುದಿಲ್ಲ. ಕಡುಬು, ಅನ್ನ, ಪಲ್ಯಗಳ ಜೊತೆ ಒಂದು ವಿಶೇಷ ಅಡುಗೆ, ಹಚ್ಚಂಬಲಿ. ಹಿತ್ತಲು, ಬೇಲಿ, ಕಾಡಂಚು ಸುತ್ತಿ ಕಿತ್ತು ತಂದ ಬಗೆಬಗೆಯ ಸೊಪ್ಪು, ಕುಡಿ. ನೂರೊಂದು ಬಗೆ ಎನ್ನುವುದು ವಾಡಿಕೆ. ಅಮಟೆಕಾಯಿಯೂ ಸೇರುತ್ತದೆ. ಬೆಳಕು ಹರಿಯುವ ಮೊದಲೇ ಗಂಡಸರು ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಪೈರಿನ ಮೇಲೆ ಅದನ್ನು ಬೀರುತ್ತಾರೆ.

ನನ್ನ ಕಣ್ಣಿಗೆ ಹಚ್ಚಂಬಲಿ ವರ್ಷಕ್ಕೊಮ್ಮೆ ನಡೆಯುವ ಒಂದು ಪರೀಕ್ಷೆ. ನೂರೊಂದು ಸೊಪ್ಪು ಕಿತ್ತು ತರಬೇಕಾದರೆ ಅಷ್ಟು ಸೊಪ್ಪಿನ ಗುರುತಿರಬೇಕು. ಯಾವುದು ಬೇಲಿಯ ಮೇಲೆ, ಯಾವುದು ನೀರ ಬದಿಗೆ, ಯಾವುದು ನಂಜು, ಯಾವುದಲ್ಲ. ಅಜ್ಜಿ ಸೊಸೆಯನ್ನೂ ಮೊಮ್ಮಗಳನ್ನೂ ಕರೆದುಕೊಂಡು ಹಿತ್ತಲು ಸುತ್ತುವುದೇ ಪಾಠ. ಪಾಠ ನಿಂತ ವರ್ಷ ಬುಟ್ಟಿಯಲ್ಲಿ ಹತ್ತು ಸೊಪ್ಪು ಕಡಿಮೆಯಾಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಉಳವಿಯ ಹತ್ತಿರದ ಒಂದು ಮನೆಯಲ್ಲಿ ಕಳೆದ ಹುಣ್ಣಿಮೆಗೆ ಎಷ್ಟು ಬಗೆ ಸೇರಿತು ಎಂದು ಕೇಳಿದೆ. "ನಮ್ಮತ್ತೆ ಇದ್ದಾಗ ಲೆಕ್ಕ ಹಾಕ್ತಿರ್ಲಿಲ್ಲ. ಈಗ ಲೆಕ್ಕ ಹಾಕೋ ಹಾಗಾಯ್ತಲ್ಲ, ಅದ್ಕೇ ಹೇಳಕ್ಕೆ ನಾಚ್ಕೆ" ಎಂದರು ಆ ಮನೆಯಾಕೆ. ಕೊನೆಗೂ ಸಂಖ್ಯೆ ಹೇಳಲಿಲ್ಲ. ಕೇಳಬಾರದ್ದನ್ನು ಒತ್ತಿ ಕೇಳುವ ವಿದ್ಯೆ ಸಂಶೋಧನಾ ವಿಧಾನದ ಪುಸ್ತಕದಲ್ಲಿದೆ. ನಾನು ಚಹಾ ಕುಡಿದು ಬಂದೆ.

ಅಡುಗೆಗೆ ನೆಲದ ಹಂಗು ಎಷ್ಟು ಎಂಬುದನ್ನು ಶರಾವತಿ ಹೇಳುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಸಾಗರ, ಹೊಸನಗರದ ಕಡೆಯ ಊರುಗಳು ಮುಳುಗಿದಾಗ ಮನೆಮಠ ಕಳೆದುಕೊಂಡವರು ಜಿಲ್ಲೆಯ ಬೇರೆ ಬೇರೆ ಕಡೆಗೆ ಚದುರಿದರು. ಗದ್ದೆ, ತೋಟ, ಮನೆಯ ಲೆಕ್ಕ ಕಡತಗಳಲ್ಲಿದೆ, ಪರಿಹಾರ ಸಿಕ್ಕಿತೋ ಇಲ್ಲವೋ ಎಂಬ ಜಗಳ ಇಂದಿಗೂ ಮುಗಿದಿಲ್ಲ. ಮರದ ಲೆಕ್ಕವನ್ನೂ ಹಾಕಿರಬಹುದು. ಆದರೆ ಹೊಳೆದಂಡೆಯ ಅಪ್ಪೆಮಿಡಿ ಮರವೆಂದರೆ ಬರಿಯ ಮರವಲ್ಲ, ಒಂದು ಸೊನೆ, ಒಂದು ವಾಸನೆ, ಒಂದು ಉಪ್ಪಿನಕಾಯಿ. ಪ್ರತಿ ಮರಕ್ಕೂ ಬೇರೆ ರುಚಿ. ಆ ಮಿಡಿಗೆ ತಕ್ಕ ಉಪ್ಪು, ಆ ಸೊನೆಗೆ ತಕ್ಕ ಸಾಸಿವೆ ಎಂದು ಕೈಗೆ ಕೂತಿದ್ದ ಪಾಕವನ್ನು ಹೊತ್ತು ಬಂದವಳಿಗೆ ಹೊಸ ಊರಿನಲ್ಲಿ ಆ ಮರವೇ ಇಲ್ಲ. ಪಾಕ ಇದೆ, ಮಿಡಿ ನೀರೊಳಗಿದೆ.

ಅಪ್ಪೆಮಿಡಿಗೆ ಈಗ ಭೌಗೋಳಿಕ ಸೂಚಕ ಸಿಕ್ಕಿದೆ, ಕಸಿ ಗಿಡಗಳು ನರ್ಸರಿಗಳಲ್ಲಿ ಸಿಗುತ್ತವೆ. ತಳಿಗಳ ಹೆಸರು ಕೇಳಿ: ಮಾಳಂಜಿ ಅಪ್ಪೆ, ಅನಂತಭಟ್ಟನ ಅಪ್ಪೆ. ಒಂದು ಊರಿನ ನೆನಪಿನದು, ಇನ್ನೊಂದು ಮರದ ಯಜಮಾನರ ನೆನಪಿನದು. ಅನಂತಭಟ್ಟರು ಪುಣ್ಯವಂತರು, ಮರದ ಜೊತೆ ಹೆಸರೂ ಉಳಿಯಿತು. ಆ ಮರದ ಮಿಡಿಯನ್ನು ಮೊದಲು ಉಪ್ಪಿನಲ್ಲಿ ಹಾಕಿ, ಇಷ್ಟು ದಿನ ಬಿಟ್ಟರೆ ಹೀಗೆ ಚಿರುಟುತ್ತದೆ, ಆಗ ಖಾರ ಬೆರೆಸಬೇಕು ಎಂದು ಕಂಡುಕೊಂಡು ಊರಿಗೆಲ್ಲ ಹೇಳಿಕೊಟ್ಟವರ ಹೆಸರಿನ ತಳಿ ಯಾವ ನರ್ಸರಿಯಲ್ಲೂ ಇಲ್ಲ.

ಇದನ್ನೆಲ್ಲ ನೋಡಿದ ಮೇಲೆ ಅತ್ತೆಯ ಪುಸ್ತಕದ ಮೇಲೂ ನನಗೊಂದು ತಕರಾರು ಹುಟ್ಟಿತು. 'ಸಾಗರದ ಅತ್ತಿಗೆ' ಎಂದರೆ ಹೆಸರಲ್ಲ, ನಂಟು. ಇನ್ನು ಮೂವತ್ತು ವರ್ಷದ ಮೇಲೆ ಅದನ್ನು ಓದುವವರಿಗೆ ಯಾರ ಅತ್ತಿಗೆ, ಯಾವ ಅತ್ತಿಗೆ? ರೈಸ್ ಸಾಹೇಬರ ಸಂಪುಟಗಳಲ್ಲಿ ನಾನು ಇವನು ಇಂಥವನ ಮಗ, ಇಂಥವನ ಮೊಮ್ಮಗ ಎಂದು ನಾಲ್ಕು ತಲೆಮಾರು ಹಿಂದಕ್ಕೆ ಹೋಗಬಲ್ಲೆ. ಇಲ್ಲಿ ಒಂದು ತಲೆಮಾರಿಗೇ ದಾರಿ ಮುಚ್ಚುತ್ತದೆ. ಹಾಗೆಂದು ಅತ್ತೆಯನ್ನು ಕೇಳಿದ್ದಕ್ಕೆ ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. "ಅತ್ತಿಗೇನ ಹೆಸರು ಹಿಡಿದು ಯಾರಾದ್ರೂ ಬರೀತಾರಾ ಮಗಾ? ಮರ್ಯಾದೆ ಅಲ್ವಾ ಅದು!" ಅದೂ ನಿಜವೇ. ಹೆಸರು ಹೇಳದಿರುವುದು ಅವರಿಗೆ ಗೌರವ, ನನಗೆ ನಷ್ಟ. ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸಲು ನಮಗೆ ಒಂದು ಮಧ್ಯಾಹ್ನ ಹಿಡಿಯಿತು. ಕೊನೆಗೆ ಅತ್ತೆ ಪೆನ್ಸಿಲ್ಲಿಗೆ ಒಪ್ಪಿದರು. ಬೇಡವಾದರೆ ಅಳಿಸಬಹುದಲ್ಲ.

ಅಲ್ಲಿಂದೀಚೆಗೆ ಉಳವಿಗೆ ಹೋದಾಗಲೆಲ್ಲ ಒಂದೊಂದು ಪುಟ ತಿರುವುತ್ತೇವೆ. ಅತ್ತೆ ಹೇಳುತ್ತಾರೆ, ನಾನು ಅಂಚಿನಲ್ಲಿ ಬರೆಯುತ್ತೇನೆ: ಹೆಸರು, ತವರೂರು, ಅವರಿಗೆ ಹೇಳಿದವರು ಯಾರು ಎಂದು ಗೊತ್ತಿದ್ದರೆ ಅದೂ. ಆನವಟ್ಟಿ ದೊಡ್ಡಮ್ಮನ ಎಣ್ಣೆಗಾಯಿ ಹಾನಗಲ್ಲಿನ ಅವರ ಅಜ್ಜಿಯವರೆಗೆ ಹೋಯಿತು. ಟೀಚರಮ್ಮ ಈಗ ಮಗನ ಜೊತೆ ಶಿವಮೊಗ್ಗದಲ್ಲಿದ್ದಾರಂತೆ. ಫೋನಿನಲ್ಲಿ ಮಾತಾಡಿದೆವು, ಒಂದೆಲಗಕ್ಕೆ ಜೀರಿಗೆ ಹುರಿದು ಹಾಕಬೇಕೆಂದು ಅಂದೇ ಹೇಳಿದ್ದೆ, ನಿಮ್ಮತ್ತೆ ಬರೆದುಕೊಂಡಿಲ್ಲ ಎಂದು ಗದರಿದರು. ಅದನ್ನೂ ಸೇರಿಸಿದೆವು.

ಕಳಲೆಯ ಪುಟ ಬಂದಾಗ ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಗದ್ದೆ ಕೆಲಸಕ್ಕೆ ಬರುತ್ತಿದ್ದವರ ಹೆಸರು ಅವರಿಗೆ ತಡವರಿಸದೆ ನೆನಪಿತ್ತು, ಅವರ ಮೂವರು ಹೆಣ್ಣುಮಕ್ಕಳ ಹೆಸರೂ. ನಾನು ಪೆನ್ಸಿಲ್ ತೆಗೆದಾಗ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ಕನ್ನಡಕ ಏರಿಸಿ, 'ಬರುವವಳು' ಎಂಬುದರ ಮೇಲೆ ಒಂದು ಗೆರೆ ಎಳೆದು ಹೆಸರಿನ ಮುಂದೆ 'ಅವರು' ಎಂದು ತಾವೇ ಬರೆದರು, ಪೆನ್ಸಿಲ್ಲಿನಲ್ಲಲ್ಲ, ಹಾಲಿನ ಲೆಕ್ಕಕ್ಕೆ ಇಟ್ಟಿದ್ದ ಪೆನ್ನಿನಲ್ಲಿ.

ಇನ್ನೂ ಹದಿನೈದು ಪುಟ ಬಾಕಿ ಇದೆ. ಬಸ್ಸಿನಲ್ಲಿ ಸಿಕ್ಕವರು ಯಾರೆಂದು ಗೊತ್ತಾಗುವ ಹಾಗಿಲ್ಲ. ಸೊರಬದಲ್ಲಿ ಹತ್ತಿದರು, ಮಡಿಲಲ್ಲಿ ಮಿಡಿ ತುಂಬಿದ ಚೀಲವಿತ್ತು, ಬಿಳಿಯ ಮೂಗುತಿ ಹಾಕಿದ್ದರು ಎಂದು ಅತ್ತೆ ಹೇಳಿದರು. ಅಷ್ಟನ್ನು ಬರೆದಿಟ್ಟಿದ್ದೇವೆ.